ಬಾಣಂತನದ ಮೊದಲ ಆರು ವಾರ: ಕೂಸಿಗೆ ಹಾಲು, ತಾಯಿಗೆ ನಿದ್ದೆ, ಉಳಿದದ್ದೆಲ್ಲ ಆಮೇಲೆ

ನಮ್ಮ ಕಡೆ ಕೂಸು ಹುಟ್ಟಿದ ಮನೆಯಲ್ಲಿ ಸಲಹೆಗೆ ಬರಗಾಲ ಅನ್ನುವುದಿಲ್ಲ. ಅವ್ವ ಹೇಳುವುದೊಂದು, ಅತ್ತಿ ಹೇಳುವುದೊಂದು, ಕೂಸಿಗೆ ಎರೆಯಲು ಬರುವ ಆಯಿ ಹೇಳುವುದು ಮತ್ತೊಂದು. ರಾತ್ರಿ ಎರಡಕ್ಕೆ ಮೊಬೈಲ್ ತೆಗೆದರೆ ಅದು ಹೇಳುವುದೇ ಬೇರೆ. ಚೊಚ್ಚಲ ಬಾಣಂತಿ ಎಲ್ಲದಕ್ಕೂ ಹೂಂ ಅನ್ನುತ್ತಾಳೆ, ಆಮೇಲೆ ಗೋಡೆ ಕಡೆ ಮುಖ ಮಾಡಿ ಅಳುತ್ತಾಳೆ.

ಈ ಗದ್ದಲದಲ್ಲಿ ಹಿಡಿದುಕೊಳ್ಳಬೇಕಾದ ಲೆಕ್ಕ ಸರಳ. ಮೊದಲ ಆರು ವಾರ ಮನೆಯವರೆಲ್ಲ ಸೇರಿ ಎರಡನ್ನು ಕಾಯಬೇಕು: ಕೂಸಿಗೆ ತಾಯಿಯ ಹಾಲು, ತಾಯಿಗೆ ನಿದ್ದೆ. ಯಾವುದೇ ಪದ್ಧತಿ, ಕಾರ್ಯ, ನೆಂಟರ ಭೇಟಿ ಈ ಎರಡಕ್ಕೆ ಅಡ್ಡ ಬರದಿದ್ದರೆ ಇರಲಿ. ಅಡ್ಡ ಬಂದರೆ ಮುಲಾಜಿಲ್ಲದೆ ಮುಂದಕ್ಕೆ ಹಾಕಿ. ತಿಂಗಳು ತುಂಬಿ ಹುಟ್ಟಿದ, ಎರಡೂವರೆ ಕಿಲೋಗೆ ಕಡಿಮೆಯಿಲ್ಲದ ಕೂಸನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ತಿಂಗಳು ತುಂಬದ ಅಥವಾ ತೂಕ ಕಡಿಮೆಯಿರುವ ಕೂಸಿನ ವಿಷಯದಲ್ಲಿ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು.

1. ಆಸ್ಪತ್ರೆ ಬಿಡುವ ಮುಂಚೆ

ಸಹಜ ಹೆರಿಗೆಯಾಗಿದ್ದರೂ 48 ಗಂಟೆ ಆಸ್ಪತ್ರೆಯಲ್ಲೇ ಇರಿ. "ಎಲ್ಲಾ ಛಲೋ ಐತಿ, ನಡೀರಿ ಮನಿಗಿ" ಎಂಬ ಅವಸರ ಬೇಡ. ಸಿಸೇರಿಯನ್ ಆಗಿದ್ದರೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಆಪರೇಷನ್, ಔಷಧಿ, ಊಟ ಎಲ್ಲ ಉಚಿತ. ಮನೆಗೆ ಬಿಡಲು ನಗು-ಮಗು ವಾಹನವೂ ಇದೆ, ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಡಿಸ್ಚಾರ್ಜ್ ಚೀಟಿ ಮತ್ತು ತಾಯಿ ಕಾರ್ಡನ್ನು ನರ್ಸ್ ಮುಂದೆ ನಿಂತೇ ಓದಿ. ಬಿಸಿಜಿ (ಕ್ಷಯದ ಲಸಿಕೆ), ಪೋಲಿಯೊ ಸೊನ್ನೆ ಡೋಸ್ (ಹುಟ್ಟಿದಾಗ ಹಾಕುವ ಹನಿ), ಹೆಪಟೈಟಿಸ್ ಬಿ, ಮೂರು ಲಸಿಕೆಗೂ ತಾರೀಖು ಬಿದ್ದಿರಬೇಕು. ವಿಟಮಿನ್ ಕೆ ಚುಚ್ಚುಮದ್ದು ಆಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ಹುಟ್ಟಿದಾಗಿನ ತೂಕ, ಹೊರಡುವ ದಿನದ ತೂಕ ಎರಡನ್ನೂ ಬರೆಸಿಕೊಳ್ಳಿ. ಮುಂದೆ "ಹಾಲು ಸಾಲುತ್ತಿದೆಯೋ ಇಲ್ಲವೋ" ಎಂಬ ಪ್ರಶ್ನೆ ಎದ್ದಾಗ ಈ ಎರಡು ಅಂಕಿಯೇ ಸಾಕ್ಷಿ. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದು ಕೂಸಿನದು ಪಾಸಿಟಿವ್ ಆಗಿದ್ದರೆ ತಾಯಿಗೆ ಆಂಟಿ-ಡಿ ಚುಚ್ಚುಮದ್ದು 72 ಗಂಟೆಯೊಳಗೆ ಆಗಬೇಕು. ಅದು ತಪ್ಪಿದರೆ ಪೆಟ್ಟು ಬೀಳುವುದು ಮುಂದಿನ ಬಸಿರಿನ ಕೂಸಿಗೆ.

ಬಿಸಿಜಿ ಹಾಕಿದ ಎಡತೋಳಿನಲ್ಲಿ ಕೆಲವು ವಾರಗಳ ಮೇಲೆ ಸಣ್ಣ ಗುಳ್ಳೆ ಏಳುತ್ತದೆ, ಒಡೆಯಲೂಬಹುದು, ತಾನೇ ಮಾಯುತ್ತದೆ. ಮುಲಾಮು, ಅರಿಷಿಣ ಏನೂ ಹಚ್ಚಬೇಡಿ.

2. ಹಾಲು ಕುಡಿಸುವುದು

ಬೇರೆಲ್ಲವನ್ನೂ ಇನ್ನೊಬ್ಬರು ಮಾಡಬಹುದು, ಇದನ್ನು ತಾಯಿಯೇ ಮಾಡಬೇಕು. ಅದಕ್ಕೇ ಇದನ್ನು ಕಲಿಯಲು ಅವಳಿಗೆ ಸಮಯ, ಒಂದು ಮೂಲೆ, ಒಂದು ತಂಬಿಗೆ ನೀರು ಬೇಕು. ಕೋಣೆಯ ಬಾಗಿಲಲ್ಲಿ ಐದು ಮಂದಿ ನಿಂತು "ಹಿಡೀತೇನ ಕೂಸು? ಹಿಡೀತೇನ?" ಅಂತ ಕೇಳುತ್ತಿದ್ದರೆ ಯಾರಿಗೂ ಹಾಲು ಇಳಿಯುವುದಿಲ್ಲ.

ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕು. ಮೊದಲ ಎರಡು-ಮೂರು ದಿನ ಬರುವುದು ಹಳದಿ ಬಣ್ಣದ ದಪ್ಪ ಹಾಲು, ಚಮಚದ ಲೆಕ್ಕದಲ್ಲಿ. ಕೂಸಿಗೆ ಅಷ್ಟೇ ಬೇಕು. ಅದನ್ನು ಹಿಂಡಿ ಚೆಲ್ಲಿಸುವ ಹಿರಿಯರು ಇನ್ನೂ ಇದ್ದಾರೆ. ಇದೊಂದರಲ್ಲಿ ಮಾತ್ರ ಅವರ ಮಾತು ಕೇಳಬೇಡಿ, ರೋಗ ತಡೆಯುವ ಶಕ್ತಿ ಇರುವುದೇ ಅದರಲ್ಲಿ. ಮೂರರಿಂದ ಐದನೆಯ ದಿನದ ಹೊತ್ತಿಗೆ ಹಾಲು ತುಂಬಿ ಎದೆ ಭಾರವಾಗುತ್ತದೆ.

ಹಿಡಿಸುವ ರೀತಿ ಹೀಗೆ. ಗೋಡೆಗೆ ಒರಗಿ ಕೂತು, ಬೆನ್ನಿಗೆ ಒಂದು ಲೋಡು, ತೊಡೆಯ ಮೇಲೊಂದು ತಲೆದಿಂಬು. ಕೂಸಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವಂತೆ ಮಗ್ಗುಲಾಗಿ ಹಿಡಿಯಿರಿ; ಅದರ ಕಿವಿ, ಹೆಗಲು, ಸೊಂಟ ಒಂದೇ ಗೆರೆಯಲ್ಲಿರಬೇಕು, ಕುತ್ತಿಗೆ ತಿರುಚಿರಬಾರದು. ತೊಟ್ಟನ್ನು ಕೂಸಿನ ಮೂಗಿನ ನೇರಕ್ಕೆ ತಂದು ಮೇಲ್ತುಟಿಗೆ ಮುಟ್ಟಿಸಿ, ಸುಮ್ಮನೆ ಕಾಯಿರಿ. ದೊಡ್ಡ ರೊಟ್ಟಿ-ಪಲ್ಯದ ತುತ್ತಿಗೆ ನಾವು ಬಾಯಿ ತೆರೆಯುವ ಹಾಗೆ ಅದೂ ಬಾಯಿ ಅಗಲಿಸುತ್ತದೆ. ಆ ಗಳಿಗೆಯಲ್ಲಿ ಕೂಸನ್ನು ಎದೆಗೆ ತನ್ನಿ, ಎದೆಯನ್ನು ಕೂಸಿನ ಬಾಯಿಗೆ ಬಗ್ಗಿಸಬೇಡಿ. ಸರಿಯಾಗಿ ಹಿಡಿದಿದ್ದರೆ ಗದ್ದ ಎದೆಗೆ ಒತ್ತಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲ್ತುಟಿಯ ಕಡೆ ಹೆಚ್ಚು ಕಾಣುತ್ತದೆ, ಗುಟುಕು ಇಳಿಯುವುದು ಕೇಳಿಸುತ್ತದೆ. ಬರೀ ತೊಟ್ಟನ್ನು ಕಚ್ಚಿ ಚಪ್ಪರಿಸುತ್ತಿದ್ದರೆ, ಮೊದಲ ಕ್ಷಣದ ನೋವು ಮುಂದುವರಿದರೆ, ಹಿಡಿತ ತಪ್ಪಿದೆ. ಕಿರುಬೆರಳನ್ನು ಕೂಸಿನ ಬಾಯಿಯ ಮೂಲೆಗೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಹತ್ತು ಸಲವಾದರೂ ಪರವಾಗಿಲ್ಲ. ಸಿಸೇರಿಯನ್ ಆದವರಿಗೆ ಮಗ್ಗುಲಾಗಿ ಮಲಗಿ ಕುಡಿಸುವುದು, ಇಲ್ಲವೇ ಕೂಸಿನ ಕಾಲು ಬಗಲ ಕೆಳಗೆ ಹಿಂದಕ್ಕೆ ಹೋಗುವಂತೆ ಹಿಡಿಯುವುದು ಸಲೀಸು, ಹೊಲಿಗೆಗೆ ಭಾರ ಬೀಳುವುದಿಲ್ಲ.

24 ಗಂಟೆಯಲ್ಲಿ 8ರಿಂದ 12 ಸಲ ಕುಡಿಸಬೇಕು. ಗಡಿಯಾರ ನೋಡಬೇಡಿ, ಕೂಸನ್ನು ನೋಡಿ: ಕೈ ಬಾಯಿಗೆ ಹೋಗುವುದು, ತಲೆ ಅತ್ತಿತ್ತ ಹೊರಳಿಸಿ ಬಾಯಿ ತೆರೆಯುವುದು ಹಸಿವಿನ ಗುರುತು. ಅಳು ಬರುವುದು ಎಲ್ಲಕ್ಕಿಂತ ಕೊನೆಗೆ. ಒಂದು ಎದೆ ಪೂರ್ತಿ ಖಾಲಿಯಾಗಲು ಬಿಡಿ, ಕೊನೆಗೆ ಬರುವ ಹಾಲಿನಲ್ಲೇ ಜಿಡ್ಡು ಹೆಚ್ಚು. ಆಮೇಲೆ ಬೇಕಾದರೆ ಇನ್ನೊಂದು. ಹುಟ್ಟಿದ ತೂಕಕ್ಕೆ ಮರಳುವವರೆಗೂ ಮೂರು-ನಾಲ್ಕು ಗಂಟೆಗಿಂತ ಹೆಚ್ಚು ಮಲಗಿದರೆ ಎಬ್ಬಿಸಿ ಕುಡಿಸಿ: ಬಟ್ಟೆ ಬಿಚ್ಚಿ, ಅಂಗಾಲು ಸವರಿ. ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ. ಸ್ವಲ್ಪ ಹಾಲು ಕಕ್ಕಿದರೆ ಗಾಬರಿ ಬೇಡ, ಹಸಿರು ಬಣ್ಣದ ವಾಂತಿಯಾದರೆ ತಡಮಾಡಬೇಡಿ.

"ಹಾಲ ಸಾಲೂದಿಲ್ಲ ಅನಸ್ತೈತಿ, ಡಬ್ಬಿ ಹಾಲು ತರಸೂಣು." ಈ ಮಾತು ಸಾಮಾನ್ಯವಾಗಿ ಏಳುವುದು ಸಂಜೆ ಹೊತ್ತಿಗೆ. ಸಂಜೆ ಆರರಿಂದ ಹತ್ತರವರೆಗೆ ಬಹಳಷ್ಟು ಕೂಸುಗಳು ಬಿಟ್ಟುಬಿಟ್ಟು ಎದೆ ಹಿಡಿಯುತ್ತವೆ, ರಂಪ ಮಾಡುತ್ತವೆ. ಎರಡು-ಮೂರನೆಯ ವಾರ ಮತ್ತು ಆರನೆಯ ವಾರದ ಸುಮಾರಿಗೆ ಇದು ಜಾಸ್ತಿ. ಕೂಸು ಎಷ್ಟು ಎಳೆಯುತ್ತದೋ ಎದೆ ಅಷ್ಟು ತಯಾರಿಸುತ್ತದೆ. ಈ ಹೊತ್ತಿನಲ್ಲಿ ಡಬ್ಬಿ ಹಾಲು ಬಾಟಲಿಯಲ್ಲಿ ಹೋಯಿತೆಂದರೆ ಎಳೆಯುವುದು ಕಡಿಮೆ, ಹಾಲೂ ಕಡಿಮೆ. ಸಾಲುತ್ತಿದೆಯೋ ಇಲ್ಲವೋ ತಿಳಿಯಲು ಮುಂದಿನ ಹಂತ ಓದಿ, ಅಳುವನ್ನು ನಂಬಬೇಡಿ. ಡಾಕ್ಟರ್ ತಾವೇ ನೋಡಿ ಡಬ್ಬಿ ಹಾಲು ಬರೆದುಕೊಟ್ಟರೆ ಮಾತ್ರ ಹಿಂಜರಿಯದೆ ಕೊಡಿ, ಅದಕ್ಕೂ ಬಾಟಲಿ ಬೇಡ. ಒಳಲೆ ಅಥವಾ ವಾಟಿ-ಚಮಚ ಸಾಕು.

ಎದೆ ಕಲ್ಲಾದರೆ ಕುಡಿಸುವ ಮೊದಲು ಬಿಸಿನೀರಿನ ಬಟ್ಟೆ, ಆಮೇಲೆ ತಣ್ಣನೆಯ ಬಟ್ಟೆ. ಮೊದಲು ಸ್ವಲ್ಪ ಕೈಯಲ್ಲೇ ಹಿಂಡಿ ಮೆತ್ತಗೆ ಮಾಡಿಕೊಂಡರೆ ಕೂಸಿಗೆ ಹಿಡಿಯಲು ಬರುತ್ತದೆ. ತೊಟ್ಟು ಒಡೆದಿದ್ದರೆ ಕೊನೆಯ ಹನಿ ಹಾಲನ್ನೇ ಸವರಿ ಗಾಳಿಗೆ ಒಣಗಲು ಬಿಡಿ, ಹಿಡಿತವನ್ನು ತಿದ್ದಿ. ಎದೆಯ ಒಂದು ಭಾಗ ಕೆಂಪಾಗಿ ಜ್ವರ ಬಂದರೆ ಆಸ್ಪತ್ರೆಗೆ ಹೋಗಿ, ಆದರೆ ಕುಡಿಸುವುದನ್ನು ನಿಲ್ಲಿಸಬೇಡಿ.

3. ಒದ್ದೆ ಬಟ್ಟೆ ಎಣಿಸಿ

ಕೂಸಿನ ಹೊಟ್ಟೆಗೆ ಎಷ್ಟು ಹೋಗಿದೆ ಎಂದು ಹೇಳುವುದು ಕೆಳಗಿನ ಬಟ್ಟೆ. ಮೊದಲ ದಿನ ಒಂದು ಸಲ ಉಚ್ಚೆ, ಎರಡನೆಯ ದಿನ ಎರಡು, ಹೀಗೆ ಏರುತ್ತ ಐದನೆಯ ದಿನದಿಂದ ದಿನಕ್ಕೆ ಆರು ಅಥವಾ ಹೆಚ್ಚು ಒದ್ದೆ ಬಟ್ಟೆ ಬೀಳಬೇಕು. ಮೊದಲೆರಡು ದಿನ ಇಟ್ಟಂಗಿ ಬಣ್ಣದ ಕಲೆ ಕಂಡರೆ ಹೆದರಬೇಡಿ. ಸಂಡಾಸು ಮೊದಲು ಕಪ್ಪು, ಅಂಟಂಟು. ನಾಲ್ಕೈದು ದಿನಕ್ಕೆ ಸಾಸಿವೆಯಂಥ ಹಳದಿ. ಕುಡಿದಾಗಲೆಲ್ಲ ಮಾಡುವ ಕೂಸೂ ಇದೆ, ತಿಂಗಳು ತುಂಬುವ ಹೊತ್ತಿಗೆ ಎರಡು-ಮೂರು ದಿನಕ್ಕೊಮ್ಮೆ ಮಾಡುವ ಕೂಸೂ ಇದೆ. ಮೆತ್ತಗಿದ್ದರೆ ಎರಡೂ ಸರಿ.

ಮೊದಲ ವಾರ ತೂಕ ಶೇ. 7ರಿಂದ 10ರವರೆಗೆ ಇಳಿಯುವುದು ಸಹಜ, ಎರಡು ವಾರದೊಳಗೆ ಮರಳಬೇಕು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ತೂಕ, ಜ್ವರ ನೋಡುವುದು ಅವರ ಕೆಲಸ. ಬಾಣಂತಿ ತವರಿಗೆ ಬಂದಿದ್ದರೆ ತವರೂರಿನ ಆಶಾಗೆ ಫೋನ್ ಮಾಡಿ ತಿಳಿಸಿ. "ಅಕ್ಕಾರ, ನಮ್ಮ ಮನ್ಯಾಗ ಕೂಸು ಐತ್ರಿ" ಅಂದರೆ ಸಾಕು.

4. ಎರೆಯುವುದು

ಎರೆಯುವ ಆಯಿ ಮಣೆಯ ಮೇಲೆ ಕೂತು, ಕಾಲು ನೀಡಿ, ಸೀರಿ ಮೊಣಕಾಲ ಮೇಲಕ್ಕೆ ಸರಿಸಿ, ಕೂಸನ್ನು ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಬೋರಲು ಹಾಕಿಕೊಂಡು ಎಣ್ಣೆ ತೀಡುವುದನ್ನು ನೋಡಬೇಕು. ಆ ಕೈಯ ಹಿಡಿತ ನಮಗೆ ಬರುವುದಿಲ್ಲ. ಒಳ್ಳೆಯ ಆಯಿ ಸಿಕ್ಕರೆ ಬಿಡಬೇಡಿ. ಎರೆದ ಮೇಲೆ ಕೂಸು ಎರಡು-ಮೂರು ಗಂಟೆ ಸುಖವಾಗಿ ಮಲಗುತ್ತದೆ, ಅಷ್ಟು ಹೊತ್ತು ತಾಯಿಯೂ ಮಲಗಬಹುದು.

ಆದರೆ ಹೊಕ್ಕುಳು ಉದುರುವವರೆಗೆ, ಅಂದರೆ ಒಂದು-ಎರಡು ವಾರ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಹೊಕ್ಕುಳಿಗೆ ಎಣ್ಣೆ, ಬೂದಿ, ಅರಿಷಿಣ ಏನೂ ಬೇಡ. ಒಣಗಿರಲಿ, ಲಂಗೋಟಿ ಅದರ ಕೆಳಗೆ ಕಟ್ಟಿ. ಎರೆಯಲು ಶುರು ಮಾಡಿದ ಮೇಲೆ ಆಯಿಗೆ ಮೊದಲ ದಿನವೇ, ನಗುತ್ತಲೇ, ಇಷ್ಟು ಹೇಳಿಬಿಡಿ: ಮೂಗು-ಕಿವಿಗೆ ಎಣ್ಣೆ ಬಿಡಬಾರದು, ಗಂಟಲಿಗೆ ಬೆರಳು ಹಾಕಿ ಕಫ ತೆಗೆಯಬಾರದು, ಮೂಗಿಗೆ ಬಾಯಿಯಿಂದ ಊದಬಾರದು, ಕೂಸಿನ ಎದೆ ಉಬ್ಬಿದೆ ಅಂತ ಹಿಂಡಬಾರದು. ಎದೆ ಉಬ್ಬುವುದು ಗಂಡು-ಹೆಣ್ಣು ಎರಡಕ್ಕೂ ಇರುತ್ತದೆ, ತಾಯಿಯ ಹಾರ್ಮೋನಿನಿಂದ ಬಂದದ್ದು, ತಾನೇ ಇಳಿಯುತ್ತದೆ; ಹಿಂಡಿದರೆ ಕೀವು ತುಂಬುತ್ತದೆ. ಹೆಣ್ಣು ಕೂಸಿಗೆ ಮೊದಲ ವಾರ ಒಂದೆರಡು ಹನಿ ರಕ್ತ ಕಾಣಿಸುವುದಕ್ಕೂ ಅದೇ ಕಾರಣ.

ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಆಯಿಯ ಕೈಗೆ ಬೆಚ್ಚಗೆ ಅನಿಸಿದ್ದು ಕೂಸಿಗೆ ಸುಡುತ್ತದೆ. ಕೊಬ್ಬರಿ ಎಣ್ಣೆ ಸಾಕು. ಕಡಲೆಹಿಟ್ಟು ಹಚ್ಚಿ ಕೂದಲು ಉಜ್ಜಿ ತೆಗೆಯುವುದು ಬೇಡ, ಆ ಕೂದಲು ತಾನೇ ಉದುರುತ್ತದೆ.

5. ಬಿಸಿಲೂರಿನ ಕೂಸು, ಮಳೆಯೂರಿನ ಕೂಸು

ಏಪ್ರಿಲ್-ಮೇನಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ದಿನ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಕೂಸಿಗೆ ಟೊಪ್ಪಿಗೆ, ಕುಂಚಿಗಿ, ಮೇಲೊಂದು ಕೌದಿ ಹೊದಿಸುವುದು ಆರೈಕೆಯಲ್ಲ. ಕೂಸಿನ ಮೈ ಕಾಯುತ್ತದೆ, ಜ್ವರ ಅಂತ ಆಸ್ಪತ್ರೆಗೆ ಓಡುತ್ತೀರಿ. ಫ್ಯಾನ್ ಇರಲಿ, ಕೂಲರ್ ಗಾಳಿ ನೇರವಾಗಿ ತಾಗದಂತೆ ಇರಲಿ, ಒಂದು ತೆಳ್ಳನೆಯ ಹತ್ತಿ ಅಂಗಿ ಸಾಕು. ಬಿಸಿಲು ಅಂತ ನೀರು ಕುಡಿಸಬೇಡಿ, ಎದೆಹಾಲನ್ನೇ ಹೆಚ್ಚು ಸಲ ಕೊಡಿ. ಬೆಳಗಾವಿಯ ಜುಲೈ-ಆಗಸ್ಟ್ ಬೇರೆಯದೇ ಕಥೆ: ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ. ಅಲ್ಲಿ ಟೊಪ್ಪಿಗೆ, ಕಾಲುಚೀಲ, ಕುಂಚಿಗಿ ಎಲ್ಲ ಬೇಕು, ಬಟ್ಟೆಗೆ ಇಸ್ತ್ರಿ ಹಾಕಿಯೇ ತೊಡಿಸಬೇಕು. ಎಲ್ಲಿದ್ದರೂ ಗುರುತು ಒಂದೇ: ಕೂಸಿನ ಹೊಟ್ಟೆ ಮುಟ್ಟಿ ನೋಡಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಾದರೆ ಒಂದು ಪದರ ಹೆಚ್ಚಿಸಿ, ಕುತ್ತಿಗೆ ಬೆವರಿದ್ದರೆ ಒಂದು ಪದರ ತೆಗೆಯಿರಿ. ಎರಡೂ ತಣ್ಣಗಿದ್ದರೆ ತಾಯಿಯ ಎದೆಗೆ ಬರಿಮೈಯಲ್ಲಿ ಒರಗಿಸಿ ಮೇಲೆ ಹೊದಿಸಿ, ಬೆಚ್ಚಗಾಗದಿದ್ದರೆ ಆಸ್ಪತ್ರೆ.

ಹಾಸಿಗೆಗೆ, ಲಂಗೋಟಿಗೆ ಅಜ್ಜಿಯ ಹಳೆಯ ಹತ್ತಿ ಸೀರಿಯ ತುಂಡಿಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಗುಳೇದಗುಡ್ಡ ಖಣದ ಕುಂಚಿಗಿ ಫೋಟೋಕ್ಕೆ ಚಂದ, ಮಲಗಿಸುವಾಗ ತೆಗೆದಿಡಿ. ಕೂಸನ್ನು ಯಾವಾಗಲೂ ಅಂಗಾತ ಮಲಗಿಸಿ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ. ಮುಖದ ಹತ್ತಿರ ದಿಂಬು, ಕೌದಿ ಬೇಡ. ಸೀರಿಯ ಜೋಳಿಗೆಯಲ್ಲಿ ಹಗಲು ಯಾರಾದರೂ ಎದುರು ಕೂತಿದ್ದಾಗ ತೂಗಿ. ರಾತ್ರಿಯಿಡೀ ಅದರಲ್ಲಿ ಬಿಡಬೇಡಿ, ಗದ್ದ ಎದೆಗೆ ಬಿದ್ದು ಉಸಿರು ಕಟ್ಟಬಹುದು.

6. ಹಿರಿಯರ ಮಾತಿನಲ್ಲಿ ಯಾವುದು ಇರಲಿ, ಯಾವುದು ಬೇಡ

ನಮ್ಮ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ಹೆಂಗಸನ್ನು ತಿಂಗಳುಗಟ್ಟಲೆ ಒಲೆಯಿಂದ ದೂರ ಕೂರಿಸಿ, ಬಿಸಿನೀರು ಎರೆದು, ತುಪ್ಪ ಹಾಕಿ ಉಣಿಸುವ ಪದ್ಧತಿ ಎಲ್ಲ ಊರಲ್ಲೂ ಇಲ್ಲ. ಅದನ್ನು ಉಳಿಸಿಕೊಳ್ಳಿ. ದೃಷ್ಟಿ ತೆಗೆಯಲಿ, ನಿವಾಳಿಸಲಿ. ಆ ಮೆಣಸಿನಕಾಯಿ ಸುಡುವುದು ಮಾತ್ರ ಅಂಗಳದಲ್ಲಿ. ದೃಷ್ಟಿಬೊಟ್ಟು ಅಂಗಾಲಿಗೆ ಇಡಲಿ, ಕಣ್ಣಿಗೆ ಕಾಡಿಗೆ ಬೇಡ. ಕಾಡಿಗೆಯಲ್ಲಿ ಸೀಸ ಇರಬಹುದು, ಕಣ್ಣಿಗೆ ನಂಜೂ ಆಗಬಹುದು.

ಬೇಡವೇ ಬೇಡ ಅನ್ನುವವು: ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬಾಯಿಗೆ ಏನೂ ಹೋಗಬಾರದು. ಜೇನು, ಬೆಲ್ಲದ ನೀರು, ಬಜೆ ತೇಯ್ದದ್ದು, ಗುಟ್ಟಿ, ಗ್ರೈಪ್ ವಾಟರ್ ಯಾವುದೂ ಇಲ್ಲ. ಜೇನಿನಿಂದ ಬಾಟುಲಿಸಂ ಎಂಬ ಜೀವಕ್ಕೆ ಅಪಾಯದ ರೋಗ ಬರಬಹುದು, ವರ್ಷ ತುಂಬುವವರೆಗೆ ಅದನ್ನು ಮುಟ್ಟಿಸಬೇಡಿ. ಡಾಕ್ಟರ್ ಬರೆದುಕೊಟ್ಟದ್ದಕ್ಕೆ (ವಿಟಮಿನ್ ಡಿ ಹನಿ, ಔಷಧಿ, ಡಬ್ಬಿ ಹಾಲು) ಮತ್ತು ಲಸಿಕೆಯ ಹನಿಗೆ ಮಾತ್ರ ವಿನಾಯಿತಿ.

ಹೊರಸಿನ ಕೆಳಗೆ ಕೆಂಡ ಇಡುವುದು, ಮುಚ್ಚಿದ ಕೋಣೆಯಲ್ಲಿ ಲೋಬಾನದ ಹೊಗೆ ಹಾಕುವುದು. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬೆಳಗಾವಿಯ ಮಳೆಗಾಲದಲ್ಲೂ ಬಿಸಿನೀರಿನ ಬ್ಯಾಗ್‌ನಿಂದ ಹಾಸಿಗೆ ಬೆಚ್ಚಗೆ ಮಾಡಿ, ಕೂಸನ್ನು ಮಲಗಿಸುವ ಮೊದಲು ಬ್ಯಾಗ್ ತೆಗೆದುಬಿಡಿ.

ಚುಟಿಗಿ. ಕೂಸು ಹೆಚ್ಚು ಅತ್ತರೆ, ಹೊಟ್ಟೆ ಉಬ್ಬಿದರೆ, ಕಾಮಣಿಯಾದರೆ ಕಾಸಿ ಬರೆ ಹಾಕಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಇದರಲ್ಲಿ ಸಂಧಾನದ ಮಾತಿಲ್ಲ. ಸುಟ್ಟ ಗಾಯ ನಂಜಾಗುತ್ತದೆ, ಮೂಲ ರೋಗ ಹಾಗೇ ಉಳಿಯುತ್ತದೆ. ಅತ್ತಿ ಹಟ ಹಿಡಿದರೆ ಈ ಮಾತನ್ನು ಸೊಸೆಯ ಬಾಯಿಂದ ಹೇಳಿಸಬೇಡಿ, ಮಗ ಹೇಳಲಿ: "ಯವ್ವಾ, ಡಾಕ್ಟರ್ ಬ್ಯಾಡಂದಾರ. ನಾ ಇರೂತನಕ ಇದು ಆಗೂದಿಲ್ಲ." ಡಾಕ್ಟರ್ ಹೆಸರು ಹೇಳಿದರೆ ಸೋತಂತಾಗುವುದಿಲ್ಲ, ಮನೆಯಲ್ಲಿ ಮಾತೂ ಬೆಳೆಯುವುದಿಲ್ಲ.

ಕಾಮಣಿಯ ಮಾತು ಬಂದದ್ದಕ್ಕೆ: ಎರಡು-ಮೂರನೆಯ ದಿನ ಮೈ ಹಳದಿಯಾಗಿ ಎರಡು ವಾರದೊಳಗೆ ಇಳಿಯುವುದು ಬಹಳ ಕೂಸುಗಳಲ್ಲಿ ಸಹಜ. ಹುಟ್ಟಿದ 24 ಗಂಟೆಯೊಳಗೇ ಹಳದಿಯಾದರೆ, ಅಂಗೈ-ಅಂಗಾಲಿಗೂ ಹಬ್ಬಿದರೆ, ಕೂಸು ಮಂಕಾದರೆ, ಸಂಡಾಸು ಬಿಳಿಯಾದರೆ ಅದೇ ದಿನ ಆಸ್ಪತ್ರೆಗೆ. ಎಳೆಬಿಸಿಲಿಗೆ ಹಿಡಿಯುವುದು ಇದಕ್ಕೆ ಚಿಕಿತ್ಸೆಯಲ್ಲ. ಆಸ್ಪತ್ರೆಯ ನೀಲಿ ಬೆಳಕಿನಿಂದ ಇಳಿಯುತ್ತದೆ.

7. ಬಾಣಂತಿಯ ತಟ್ಟೆ, ಮೈ, ಮನಸ್ಸು

ಜೋಳದ ರೊಟ್ಟಿ, ಸಬ್ಬಸಗಿ ಪಲ್ಯ, ಮೆಂತ್ಯೆ, ಬಳ್ಳೊಳ್ಳಿ ಹಾಕಿದ ಬೇಳೆ, ಗೋಧಿ ಸಜ್ಜಕ, ಅಳವಿ ಪಾಯಸ, ಅಂಟಿನ ಉಂಡಿ, ಗೋಕಾಕ ಇಲ್ಲವೇ ಅಮೀನಗಡದ ಕರದಂಟು. ಇದರಲ್ಲಿ ಬೈಯುವಂಥದ್ದೇನೂ ಇಲ್ಲ. ಬೈಯಬೇಕಾದ್ದು "ಅದು ನಂಜು, ಇದು ಥಂಡಿ" ಅಂತ ಹಣ್ಣು, ಮೊಸರು, ಕಾಯಿಪಲ್ಯ ಬಿಡಿಸಿ ಬರೀ ಅನ್ನ-ಮೆಣಸಿನ ಸಾರಿನಲ್ಲಿ ದಿನ ದೂಡಿಸುವುದನ್ನು, ಅದಕ್ಕಿಂತ ಹೆಚ್ಚಾಗಿ ನೀರು ಕೊಡದಿರುವುದನ್ನು. ಹೊಟ್ಟೆ ಬರುತ್ತದೆ ಅಂತ ನೀರು ಕಡಿಮೆ ಮಾಡಿದರೆ ಬರುವುದು ಮಲಬದ್ಧತೆ, ಉರಿಮೂತ್ರ. ಪ್ರತಿ ಸಲ ಹಾಲು ಕುಡಿಸಲು ಕೂತಾಗ ಒಂದು ಲೋಟ ನೀರು ಕೈಗೆ ಕೊಡಿ. ಕಬ್ಬಿಣಾಂಶದ ಮಾತ್ರೆ 180 ದಿನ, ಕ್ಯಾಲ್ಸಿಯಂ ಆರು ತಿಂಗಳು. ಎರಡನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಬಿಡಿ. ಊಟದ ಮೇಲಿನ ಚಹಾವನ್ನೂ ಸ್ವಲ್ಪ ದೂರ ಇಡಿ.

ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ವಾಸನೆಯ ಸ್ರಾವ, ಜ್ವರ, ತಡೆಯಲಾರದ ತಲೆನೋವು, ಕಣ್ಣು ಮಂಜು, ಒಂದೇ ಮೀನಖಂಡದ ಬಾವು-ನೋವು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಮೂರು-ನಾಲ್ಕನೆಯ ದಿನದಿಂದ ಕಾರಣವಿಲ್ಲದೆ ಅಳು ಬರುವುದು, ಸಿಡಿಮಿಡಿ ಬಹಳ ಬಾಣಂತಿಯರಿಗೆ ಇದೆ, ಎರಡು ವಾರದಲ್ಲಿ ತಿಳಿಯಾಗುತ್ತದೆ. ಮುಂದುವರಿದರೆ, ಕೂಸನ್ನು ನೋಡಲೂ ಮನಸ್ಸಾಗದಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ ಅದು ಕಾಯಿಲೆ, ಸೊಕ್ಕಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾನು ಸಾಯುವ, ಕೂಸಿಗೆ ಏನಾದರೂ ಮಾಡುವ ಮಾತಾಡಿದರೆ, ಇಲ್ಲದ್ದು ಕೇಳಿಸುತ್ತದೆ ಅಂದರೆ, ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಳಿ ಸೋಕಿದೆ ಅಂತ ಯಾರ ಬಳಿಗೂ ಅಲೆಯಬೇಡಿ. ಮತ್ತೊಂದು: "ಹೆಣ್ಣಾತೇನ? ಇರ್ಲಿ ಬಿಡು, ಮುಂದಿಂದು ಗಂಡಾಗ್ತೈತಿ" ಅನ್ನುವವರನ್ನು ಚಹಾ ಕುಡಿಸಿ ಹೊರಗಿನ ಪಡಸಾಲೆಯಿಂದಲೇ ಕಳಿಸಿ.

8. ಅಪ್ಪನ ಪಾಳಿ

ಅಳಿಯನಾದವನು ಅತ್ತೆಮನೆಯಲ್ಲಿ ಗಾದಿಯ ಮೇಲೆ ಕೂತು ಉಪ್ಪಿಟ್ಟು ತಿಂದು, ಕೂಸಿನ ಜೊತೆ ಫೋಟೋ ತೆಗೆಸಿಕೊಂಡು ಸಂಜೆ ಬಸ್ ಹಿಡಿಯುವುದು ನಮ್ಮಲ್ಲಿ ರೂಢಿ. ಇದನ್ನು ಮುರಿಯಿರಿ. ಮನೆಯಲ್ಲಿರುವ ರಾತ್ರಿ ಹತ್ತರಿಂದ ಎರಡರವರೆಗೆ ಕೂಸು ಅಪ್ಪನದು: ಎದ್ದಾಗ ಬಟ್ಟೆ ಬದಲಿಸಿ, ತಾಯಿಯ ಮಗ್ಗುಲಿಗೆ ತಂದು ಹಾಲಿಗೆ ಹಚ್ಚಿ, ತೇಗು ಬರಿಸಿ, ಮತ್ತೆ ಮಲಗಿಸುವುದು. ತಾಯಿ ಕಣ್ಣು ಪೂರ್ತಿ ತೆರೆಯಬೇಕಿಲ್ಲ. ಎರಡರ ಮೇಲೆ ಅವ್ವನೋ ಅತ್ತಿಯೋ. ಬೇರೆ ಊರಲ್ಲಿ ನೌಕರಿ ಇದ್ದರೆ ಕಾಗದಪತ್ರ, ದುಡ್ಡು, ನೆಂಟರಿಗೆ ಫೋನು ಎಲ್ಲ ಅವನ ಪಾಲಿಗೆ. ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಅದನ್ನೆಲ್ಲ ಆಸ್ಪತ್ರೆಯ ದಿನಗಳಲ್ಲೇ ಮುಗಿಸಬೇಡಿ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೆಚ್ಚು ಬೇಕಾಗುತ್ತದೆ.

9. ನೋಡಲು ಬರುವವರು, ಶೆಟವಿ, ತೊಟ್ಟಿಲು

ಬರಬೇಡಿ ಅನ್ನಲಾಗದು, ಹೊತ್ತು ಹೇಳಬಹುದು: "ಸಂಜಿ ನಾಕರಿಂದ ಆರು ಬರ್ರಿ." ಬಂದವರು ಕೈ ತೊಳೆಯಲಿ, ಮುತ್ತು ಕೊಡುವುದು ಬೇಡ, ನೆಗಡಿ-ಕೆಮ್ಮು ಇದ್ದವರು ಬಾಗಿಲಿಂದಲೇ ನೋಡಲಿ. ಹಾಲು ಕುಡಿಸುವ ಹೊತ್ತು, ಮಲಗಿದ ಹೊತ್ತು ಬಾಗಿಲು ಮುಚ್ಚಿರಲಿ. ಈ ಕಾವಲಿಗೆ ಮನೆಯಲ್ಲಿ ಗಟ್ಟಿ ಬಾಯಿಯ ಅತ್ತೆಯೋ ಚಿಗವ್ವನೋ ಇದ್ದೇ ಇರುತ್ತಾರೆ, ಆ ಕೆಲಸ ಅವರಿಗೆ ವಹಿಸಿ.

ಐದನೆಯ ದಿನದ ಶೆಟವಿ (ಕೂಸಿನ ಹಣೆಬರಹ ಬರೆಯುವ ದೇವತೆ) ಪೂಜೆ ಚಿಕ್ಕದು, ಹಾಳೆ-ಪೆನ್ನು ಇಟ್ಟು ದೀಪ ಹಚ್ಚಿದರೆ ಮುಗಿಯಿತು. ಆಸ್ಪತ್ರೆಯಲ್ಲೇ ಇದ್ದರೆ ಮನೆಯವರು ಮನೆಯಲ್ಲೇ ಮಾಡಲಿ. ಹೆಸರಿಡುವ ಕಾರ್ಯಕ್ಕೆ ಹನ್ನೆರಡು-ಹದಿಮೂರನೆಯ ದಿನವೇ ಆಗಬೇಕೆಂದು ಹಟ ಬೇಡ, ಸಿಸೇರಿಯನ್ ಬಾಣಂತಿಗೆ ಆಗ ನೆಟ್ಟಗೆ ಕೂರಲೂ ಕಷ್ಟ. ತಿಂಗಳ ಮೇಲೆ ಇಟ್ಟುಕೊಂಡರೂ ಗುಗ್ಗರಿಯ ರುಚಿ ಕೆಡುವುದಿಲ್ಲ, ಕಿವಿಯಲ್ಲಿ ಹೆಸರು ಕೂಗಿದ ಸೋದರತ್ತೆಯ ಬೆನ್ನಿಗೆ ಗುದ್ದು ಬೀಳುವುದೂ ತಪ್ಪುವುದಿಲ್ಲ. ಮಾಡುವ ದಿನ ಕೂಸಿಗೆ ಹೊಟ್ಟೆ ತುಂಬಿಸಿ ತೊಟ್ಟಿಲಿಗೆ ಹಾಕಿ, ಸ್ಪೀಕರ್ ದೂರ ಇಡಿ.

10. ಕಾಗದ

ಜನನ ನೋಂದಣಿ 21 ದಿನದೊಳಗೆ ಉಚಿತ. ಆಸ್ಪತ್ರೆಯ ಫಾರಂ ತುಂಬುವಾಗ ತಂದೆ-ತಾಯಿಯ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ, ಅಡ್ಡಹೆಸರಿನ (ಮನೆತನದ ಹೆಸರಿನ) ಸಮೇತ, ಅಕ್ಷರ ಅಕ್ಷರ ನೋಡಿ ಬರೆಸಿ. ಆಮೇಲೆ ತಿದ್ದಿಸುವುದು ಬೇಸರದ ಕೆಲಸ. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲದಿದ್ದರೆ ಹೆಸರಿಲ್ಲದೆಯೇ ನೋಂದಾಯಿಸಿ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನಾಂಕದ ದಾಖಲೆ ಇದೇ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಮೊದಲ ಕೂಸಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಅರ್ಜಿಗೆ ಅಂಗನವಾಡಿ ಅಕ್ಕನನ್ನು ಕೇಳಿ.

11. ಯೋಚನೆ ಮಾಡುತ್ತ ಕೂರಬಾರದ ಗುರುತುಗಳು

ಕೂಸು ಹಾಲು ಬಿಟ್ಟಿತು, ಎಬ್ಬಿಸಿದರೂ ಏಳುತ್ತಿಲ್ಲ. ಸುಮ್ಮನಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಿದರೆ ಉಸಿರು 60 ಅಥವಾ ಹೆಚ್ಚು, ಇಲ್ಲವೇ ಪಕ್ಕೆ ಒಳಕ್ಕೆ ಎಳೆಯುತ್ತಿದೆ, ನರಳುತ್ತಿದೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 99.5 ಫ್ಯಾರನ್‌ಹೀಟ್ ದಾಟುತ್ತದೆ (ಬೇಸಿಗೆಯಲ್ಲಿ ಬಟ್ಟೆ ಸಡಿಲಿಸಿ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡಿ, 100.4 ಇದ್ದರೆ ಕಾಯಬೇಡಿ), ಇಲ್ಲವೇ ಮೈ ತಣ್ಣಗಾಗಿದೆ. ಫಿಟ್ಸ್, ತುಟಿ ನೀಲಿ, ಹಸಿರು ವಾಂತಿ, ಹೊಕ್ಕುಳ ಸುತ್ತ ಕೆಂಪು ಅಥವಾ ಕೀವು, ದಿನವಿಡೀ ಉಚ್ಚೆ ಇಲ್ಲ. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೇ ಬೇರೆ ವಿಶೇಷ ಘಟಕ ಇದೆ, ಬೆಳಗಾವಿಯಲ್ಲಾದರೆ ಬಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ). ದಾರಿಯಲ್ಲಿ ಕೂಸನ್ನು ತಾಯಿಯ ಎದೆಗೆ ಒರಗಿಸಿ ಬೆಚ್ಚಗಿಡಿ. ಸೀನು, ಬಿಕ್ಕಳಿಕೆ, ನಿದ್ದೆಯಲ್ಲಿ ಬೆಚ್ಚುವುದು ಈ ಪಟ್ಟಿಯಲ್ಲಿ ಇಲ್ಲ.

12. ಆರನೆಯ ವಾರ

ಆರು ವಾರ ತುಂಬಿದಾಗ ಪೆಂಟಾವೇಲೆಂಟ್ (ಐದು ರೋಗಕ್ಕೆ ಒಂದೇ ಚುಚ್ಚುಮದ್ದು), ಪೋಲಿಯೊ ಹನಿ ಮತ್ತು ಚುಚ್ಚುಮದ್ದು, ರೋಟಾವೈರಸ್ ಹನಿ, ನ್ಯುಮೋಕಾಕಲ್ ಲಸಿಕೆ. ಸರ್ಕಾರಿ ಆಸ್ಪತ್ರೆ, ಅಂಗನವಾಡಿಯಲ್ಲಿ ಉಚಿತ. ನಿಮ್ಮ ಊರಿನ ಲಸಿಕೆ ದಿನ ಯಾವುದೆಂದು ಆಶಾಗೆ ಕೇಳಿ. ಅದೇ ಹೊತ್ತಿಗೆ ತಾಯಿಯ ತಪಾಸಣೆಯೂ ಆಗಲಿ: ರಕ್ತದೊತ್ತಡ, ಹಿಮೋಗ್ಲೋಬಿನ್, ಹೊಲಿಗೆ. ಮುಟ್ಟು ಬಾರದಿದ್ದರೂ ಬಸಿರು ನಿಲ್ಲಬಹುದು, ಗರ್ಭನಿರೋಧಕದ ಮಾತನ್ನು ಗಂಡ-ಹೆಂಡತಿ ಇಬ್ಬರೂ ಕೂತೇ ಡಾಕ್ಟರ್ ಹತ್ತಿರ ಆಡಿ.

ಲಸಿಕೆ ಹಾಕಿಸಿ ಅರ್ಧ ಗಂಟೆ ಅಲ್ಲೇ ಕೂತು ಬನ್ನಿ. ಅಂದು ರಾತ್ರಿ ಸಣ್ಣ ಜ್ವರ, ತೊಡೆಯ ಬಾವು, ಅಳು ನಿರೀಕ್ಷಿಸಿ. ಜ್ವರದ ಹನಿ ಕೂಸಿನ ತೂಕಕ್ಕೆ ಎಷ್ಟು ಎಂದು ನರ್ಸ್‌ನಿಂದ ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ. ಚುಚ್ಚಿದ ಜಾಗ ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ. ಮುಂದಿನ ಡೋಸ್ 10ನೆಯ ವಾರಕ್ಕೆ, ಅದರ ಮುಂದಿನದು 14ನೆಯ ವಾರಕ್ಕೆ. ಅಷ್ಟರಲ್ಲಿ ಗಂಡನ ಮನೆಗೆ ಹೊರಟಿದ್ದರೆ ತಾಯಿ ಕಾರ್ಡನ್ನು ಬುತ್ತಿ ಚೀಲಕ್ಕಿಂತ ಮೊದಲು ಪರ್ಸಿಗೆ ಹಾಕಿಕೊಳ್ಳಿ. ಕಾರ್ಡ್ ಇದ್ದರೆ ಯಾವ ಊರಿನಲ್ಲಾದರೂ ಹಾಕಿಸಬಹುದು.